ಟೈಪ್ ಹಿಂಟ್ ಹಾಕಿದ ಮೇಲೆ ಕುಮಟಾದಲ್ಲಿ ತೂಕ ನಿಲ್ಲಲಿಲ್ಲ: ಹಳೇ ಪೈಥಾನ್ ಕೋಡಲ್ಲಿ ದೋಷ ಹುಡುಕೋದು ಹೇಗೆ

ಶಿರಸಿಯ ಒಂದು ಅಡಿಕೆ ಮಂಡಿ, ಅದರದ್ದೇ ಸಣ್ಣ ಬ್ರಾಂಚು ಕುಮಟಾದಲ್ಲಿ. ಎರಡೂ ಕಡೆ ಎಲೆಕ್ಟ್ರಾನಿಕ್ ಕಾಟಾದಿಂದ ತೂಕ ಓದಿ, ದರ ಹಾಕಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಲ್ಲಿ ಚೀಟಿ ಹೊಡೆಯೋ ಪ್ರೋಗ್ರಾಮು ಒಂದೇ, ನಾನೇ 2012ರಲ್ಲಿ ಪೈಥಾನ್ 2.7ರಲ್ಲಿ ಬರೆದಿದ್ದು. ಶಿರಸಿ ಕಂಪ್ಯೂಟರಲ್ಲಿ ಉಬುಂಟು ಲಿನಕ್ಸ್, ಕುಮಟಾದಲ್ಲಿ ವಿಂಡೋಸ್ 7. ಈ ಮಳೆಗಾಲ ವ್ಯಾಪಾರ ತಣ್ಣಗಿದೆ ಅಂತ ಟೈಪ್ ಹಿಂಟ್ (ಯಾವ ವೇರಿಯಬಲ್ಲಲ್ಲಿ ಯಾವ ಥರದ ಬೆಲೆ ಇರುತ್ತೆ ಅಂತ ಕೋಡಲ್ಲೇ ಬರೆಯೋ ಗುರುತು) ಹಾಕೋಕೆ ಕೂತೆ, ಹಾಕ್ದೆ, ಆ ಹಿಂಟ್ ಓದಿ ಕೋಡು ಓಡಿಸದೇ ತಪ್ಪು ಹುಡುಕೋ ಮೈಪೈ ಅನ್ನೋ ಟೂಲು ಒಂದೂ ತಪ್ಪಿಲ್ಲ ಅಂತು, ಕುಮಟಾಕ್ಕೆ ಕಳಿಸ್ದೆ, ಮೊದಲು ಪ್ರೋಗ್ರಾಮು ಓಪನ್ನೇ ಆಗ್ಲಿಲ್ಲ, ಅದನ್ನ ಸರಿ ಮಾಡಿದ ಮೇಲೆ ಓಪನ್ ಆಯ್ತು ಆದ್ರೆ ತೂಕ ತಗೊಳ್ಳೋದು ನಿಂತೋಯ್ತು. ಬ್ರಾಂಚ್ ನೋಡ್ಕೊಳ್ಳೋ ಮಾವ ಫೋನ್ ಮಾಡಿ "ತಮಾ, ಇದು ಬೆಳಿಗ್ಗಿಂದ ತೂಕನೇ ತಗಳ್ತಿಲ್ಲೆ ಮಾರಾಯ" ಅಂದ್ರು. ಅದನ್ನ ಹುಡುಕೋಕೆ ಮೂರು ದಿನ ಹೋಯ್ತು, ದೇವಿಮನೆ ಘಟ್ಟ ಎರಡು ಸಲ ಇಳಿದು ಹತ್ತಿದ್ದಾಯ್ತು, ಒಂದು ಕೇಬಲ್ ದುಡ್ಡೂ ಹೋಯ್ತು. ನಿಮ್ಮ ಹತ್ರ ವಿಂಡೋಸ್ ಲಿನಕ್ಸ್ ಎರಡರ ಮೇಲೂ ಓಡೋ ಹಳೇ ಕೋಡ್ ಇದ್ದು ಅದಕ್ಕೆ ಹಿಂಟ್ ಹಾಕೋ ಯೋಚನೆ ಇದ್ರೆ ಇದನ್ನ ಓದಿಕೊಂಡೇ ಶುರು ಮಾಡಿ.

ಒಂದು ಮಾತು, ಕಮಾಂಡು ಮತ್ತೆ ಕೋಡಿನ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೀತಿದೀನಿ, ನೀವು ಟೈಪ್ ಮಾಡುವಾಗ ಇಂಗ್ಲಿಷಲ್ಲೇ ಮಾಡ್ಕೊಳ್ಳಿ.

ಮೊದಲು ದೋಷ ಯಾವ ಜಾತಿದು ಅಂತ ನೋಡಿ

ಹಿಂಟ್ ಹಾಕಿದ ಮೇಲೆ ಬರೋ ತೊಂದರೆಗಳಲ್ಲಿ ಮೂರು ಜಾತಿ. ಪ್ರೋಗ್ರಾಮು ಶುರುವಲ್ಲೇ ಬಿದ್ದೋಗೋದು ಒಂದು, ಇದು ಸುಲಭ, ಯಾಕಂದ್ರೆ ಎಲ್ಲಿ ಬಿತ್ತು ಅಂತ ಸಾಲು ನಂಬರ್ ಸಮೇತ ಅದೇ ಹೇಳುತ್ತೆ. ಮೈಪೈ ನೂರಾರು ಎರರ್ ಸುರಿಸೋದು ಇನ್ನೊಂದು, ಇದು ಕಿರಿಕಿರಿ ಅಷ್ಟೇ, ಅಪಾಯ ಇಲ್ಲ. ಮೂರನೇದು ಮೈಪೈ ಸುಮ್ಮನೆ ಇರೋದು, ಕೂಗಬೇಕಾದ ಕಡೆ ಬಾಯಿ ಬಿಡದೇ ಇರೋದು. ಜನ ಎರಡನೇದಕ್ಕೆ ಹೆದರ್ತಾರೆ, ಹೆದರಬೇಕಾಗಿದ್ದು ಮೂರನೇದಕ್ಕೆ. ನನ್ನ ಮೂರು ದಿನ ತಿಂದಿದ್ದು ಅದೇ, ಅದಕ್ಕೆ ಇಲ್ಲಿ ಜಾಸ್ತಿ ಜಾಗನೂ ಅದಕ್ಕೇ ಕೊಡ್ತೀನಿ.

ಶುರುವಲ್ಲೇ ಬಿದ್ರೆ

"ಟೈಪ್ ಹಿಂಟ್ ಬರೀ ಓದೋಕೆ, ಓಡುವಾಗ ಪೈಥಾನ್ ಅದನ್ನ ನೋಡೋದೇ ಇಲ್ಲ" ಅಂತ ಎಲ್ಲರೂ ಹೇಳ್ತಾರೆ, ನಾನೂ ಹಾಗೇ ನಂಬಿದ್ದೆ. ಪೂರ್ತಿ ನಿಜ ಅಲ್ಲ. ಹಿಂಟ್ ಪ್ರಕಾರ ಬೆಲೆ ಬಂತಾ ಇಲ್ವಾ ಅಂತ ಪೈಥಾನ್ ಚೆಕ್ ಮಾಡಲ್ಲ, ಅದು ಸರಿ, ಆದ್ರೆ ಫಂಕ್ಷನ್ ಶುರು ಮಾಡೋ ಡೆಫ್ ಸಾಲು ಓಡಿದಾಗ ಹಿಂಟ್ ಅನ್ನೋ ಎಕ್ಸ್‌ಪ್ರೆಶನ್ನನ್ನ ಒಂದು ಸಲ ಲೆಕ್ಕ ಹಾಕೇ ಹಾಕುತ್ತೆ. 2025ರ ಅಕ್ಟೋಬರಲ್ಲಿ ಬಂದ 3.14ರಲ್ಲಿ ಮಾತ್ರ ಅದನ್ನ ಬೇಕಾದಾಗ ಲೆಕ್ಕ ಹಾಕೋ ಹಾಗೆ ಬದಲು ಮಾಡಿದಾರೆ. ಅದಕ್ಕಿಂತ ಹಿಂದಿನ ವರ್ಷನ್ನಲ್ಲಿ ಹಿಂಟಿನ ಒಳಗೆ ತಪ್ಪಿದ್ರೆ ಪ್ರೋಗ್ರಾಮು ಇಂಪೋರ್ಟ್ ಆಗುವಾಗ್ಲೇ ಬೀಳುತ್ತೆ.

ಕುಮಟಾದಲ್ಲಿ ಆಗಿದ್ದು ಹೀಗೆ. 2.7ಕ್ಕೆ ಹಿಂಟಿನ ವ್ಯಾಕರಣವೇ ಗೊತ್ತಿಲ್ಲ, ಅಲ್ಲಿ ಕಾಮೆಂಟಲ್ಲಿ ಟೈಪ್ ಬರೆಯೋದೊಂದೇ ದಾರಿ, ಅದನ್ನ ಓದೋದನ್ನೂ ಮೈಪೈ 0.971 ಆದ ಮೇಲೆ ಬಿಟ್ಟುಬಿಡ್ತು. ಹಾಗಾಗಿ ಹಿಂಟ್ ಹಾಕಬೇಕಂದ್ರೆ ಕುಮಟಾವನ್ನ ಪೈಥಾನ್ 3ಕ್ಕೆ ತರಲೇಬೇಕಿತ್ತು. 2020ರ ಜನವರಿ 1ಕ್ಕೇ 2.7ರ ಸಪೋರ್ಟ್ ಮುಗಿದಿತ್ತು, ಶಿರಸಿಯಲ್ಲಿ ಆಗಲೇ ಬದಲಾಯಿಸಿದ್ವಿ, ಕುಮಟಾದಲ್ಲಿ "ಓಡ್ತಾ ಇದೆಯಲ್ಲ, ಮುಟ್ಟಬೇಡ" ಅಂತ ಉಳಿಸಿದ್ವಿ, ಕೋಡು ಎರಡರಲ್ಲೂ ಓಡೋ ಹಾಗೆ ತೇಪೆ ಹಾಕ್ಕೊಂಡು ಬಂದಿತ್ತು. ವಿಂಡೋಸ್ 7ರ ಮೇಲೆ ಕೂರೋ ಕೊನೇ ಪೈಥಾನ್ 3.8, ಆಮೇಲಿನದು ಇನ್‌ಸ್ಟಾಲೇ ಆಗಲ್ಲ. ನನ್ನ ಲಿನಕ್ಸ್ ಲ್ಯಾಪ್‌ಟಾಪಲ್ಲಿ 3.11. ನಾನು ಆರಾಮಾಗಿ ದರದ ಪಟ್ಟಿಗೆ ಡಿಕ್ಟ್ ಅಂತ ಬರೆದು ಚೌಕ ಕಂಸದೊಳಗೆ ಸ್ಟ್ರಿಂಗ್, ಫ್ಲೋಟ್ ಅಂತ ಹಾಕಿದ್ದೆ. ಅದು 3.9ರಿಂದ ಈಚೆ ಮಾತ್ರ ನಡೆಯುತ್ತೆ. 3.8ರಲ್ಲಿ "ಟೈಪ್ ಆಬ್ಜೆಕ್ಟ್ ಈಸ್ ನಾಟ್ ಸಬ್‌ಸ್ಕ್ರಿಪ್ಟಬಲ್" ಅಂತ ಟೈಪ್‌ಎರರ್ ಬಂದು ಬೀಳುತ್ತೆ. ನಡುವೆ ಉದ್ದ ಗೀಟು ಹಾಕಿ ಇದು ಅಥವಾ ಅದು ಅಂತ ಬರೆಯೋದು ಇನ್ನೂ ಈಚಿನದು, 3.10ರದ್ದು.

ಪರಿಹಾರ ಎರಡು. ಹಳೇ ರೀತಿ ಟೈಪಿಂಗ್ ಮಾಡ್ಯೂಲಿಂದ ದೊಡ್ಡಕ್ಷರದ ಡಿಕ್ಟ್, ಲಿಸ್ಟ್, ಆಪ್ಷನಲ್ ತಗೊಂಡು ಬರೆಯೋದು ಒಂದು. ಇನ್ನೊಂದು ಫೈಲಿನ ಮೊದಲ ಸಾಲಲ್ಲಿ ಫ್ಯೂಚರ್ ಮಾಡ್ಯೂಲಿಂದ ಅನೋಟೇಶನ್ಸ್ ಇಂಪೋರ್ಟ್ ಮಾಡೋದು, 3.7ರಿಂದ ಇದೆ, ಹಾಕಿದ್ರೆ ಹಿಂಟುಗಳೆಲ್ಲ ಬರೀ ಸ್ಟ್ರಿಂಗಾಗಿ ಉಳಿಯುತ್ತೆ, ಲೆಕ್ಕ ಹಾಕೋಕೆ ಹೋಗಲ್ಲ. ನಾನು ಎರಡನೇದು ಮಾಡ್ದೆ, ಆದ್ರೂ ಒಂದು ಕಡೆ ಬಿತ್ತು, ಯಾಕಂದ್ರೆ ಅಲ್ಲಿ ನಾನು ಹಿಂಟಿನ ಜಾಗದಲ್ಲಲ್ಲ, ಮೇಲೆ ಬೇರೆ ಸಾಲಲ್ಲಿ "ದರಪಟ್ಟಿ ಅಂದ್ರೆ ಇಂಥಾ ಡಿಕ್ಟ್" ಅಂತ ಅಡ್ಡಹೆಸರು ಕೊಟ್ಟಿದ್ದೆ, ಅದು ಹಿಂಟಲ್ಲ, ಮಾಮೂಲಿ ಅಸೈನ್‌ಮೆಂಟು, ಫ್ಯೂಚರ್ ಇಂಪೋರ್ಟ್ ಅದನ್ನ ಕಾಪಾಡಲ್ಲ. ಅಂಥ ಕಡೆ ಟೈಪಿಂಗ್ ಮಾಡ್ಯೂಲಿನ ಹೆಸರೇ ಬಳಸಬೇಕು. ಇದು ಮೊದಲೇ ಗೊತ್ತಾಗಬೇಕಿದ್ರೆ ಮೈಪೈಗೆ ಡ್ಯಾಶ್ ಡ್ಯಾಶ್ ಪೈಥಾನ್ ವರ್ಷನ್ 3.8 ಅಂತ ಕೊಟ್ಟು ಓಡಿಸಿ, ಕೊಡದೇ ಇದ್ರೆ ಅದು ನಿಮ್ಮ ಲ್ಯಾಪ್‌ಟಾಪಿನ ವರ್ಷನ್ನೇ ಎಲ್ಲ ಕಡೆನೂ ಇದೆ ಅಂದ್ಕೊಳ್ಳುತ್ತೆ. ಮೈಪೈ ಸಹ ಹಳೇ ಪೈಥಾನುಗಳನ್ನ ಒಂದೊಂದಾಗಿ ಕೈಬಿಡುತ್ತೆ, 3.8ರ ಮೇಲೆ ಓಡೋ ಕೊನೇದು 1.14 ಸರಣಿ, ನಾನು ಅದನ್ನೇ ಪಿನ್ ಮಾಡಿ ಇಟ್ಕೊಂಡಿದೀನಿ.

ಶುರುವಲ್ಲೇ ಬೀಳೋ ಇನ್ನೊಂದು ಕಾರಣ ಸುತ್ತು ಇಂಪೋರ್ಟು. ಬಿಲ್ ಫೈಲಲ್ಲಿ ಹಿಂಟಿಗೋಸ್ಕರ ಗಿರಾಕಿ ಕ್ಲಾಸ್ ಇಂಪೋರ್ಟ್ ಮಾಡಿದೆ, ಗಿರಾಕಿ ಫೈಲು ಮೊದಲೇ ಬಿಲ್ಲನ್ನ ಇಂಪೋರ್ಟ್ ಮಾಡ್ತಿತ್ತು, "ಪಾರ್ಷಿಯಲಿ ಇನಿಶಿಯಲೈಸ್ಡ್ ಮಾಡ್ಯೂಲ್" ಅಂತ ಇಂಪೋರ್ಟ್ ಎರರ್ ಬಂತು. ಹಿಂಟಿಗೆ ಮಾತ್ರ ಬೇಕಾದ ಇಂಪೋರ್ಟುಗಳನ್ನ ಇಫ್ ಟೈಪ್ ಚೆಕಿಂಗ್ ಅನ್ನೋ ಬ್ಲಾಕಿನೊಳಗೆ ಹಾಕಿ, ಮೇಲೆ ಹೇಳಿದ ಫ್ಯೂಚರ್ ಸಾಲೂ ಇರ್ಲಿ. ಮುಗೀತು.

ಮೈಪೈ ಕೂಗಿದ್ರೆ

ಇದ್ದಕ್ಕಿದ್ದ ಹಾಗೆ ಎರರ್ ಜಾಸ್ತಿ ಆಯ್ತು ಅಂತ ಗಾಬರಿ ಬೀಳಬೇಡಿ. ಒಂದು ಫಂಕ್ಷನ್ನಿಗೆ ಹಿಂಟೇ ಇಲ್ಲದಿದ್ರೆ ಮೈಪೈ ಅದರ ಒಳಗೆ ಇಣುಕೋದೂ ಇಲ್ಲ, ಚೆಕ್ ಅನ್‌ಟೈಪ್ಡ್ ಡೆಫ್ಸ್ ಹಾಕಿದ್ರೆ ಮಾತ್ರ ನೋಡುತ್ತೆ. ನೀವು ಬಾಣ ಹಾಕಿ ನನ್ (ಏನೂ ಇಲ್ಲ ಅನ್ನೋ ಪೈಥಾನ್ ಬೆಲೆ) ಅಂತ ಒಂದು ಹಿಂಟ್ ಕೊಟ್ಟ ಕೂಡಲೇ ಬಾಗಿಲು ತೆಗೆದ ಹಾಗೆ, ಹತ್ತು ವರ್ಷದ ಕಸ ಎಲ್ಲ ಒಂದೇ ಸಲ ಕಾಣುತ್ತೆ. ಕಸ ನೀವು ಇವತ್ತು ಹಾಕಿದ್ದಲ್ಲ.

ಮಾಮೂಲಾಗಿ ಬರೋದು ಕೆಲವು. ಡೀಫಾಲ್ಟ್ ನನ್ ಕೊಟ್ಟು ಹಿಂಟಲ್ಲಿ ಬರೀ ಸ್ಟ್ರಿಂಗ್ ಅಂದಿರೋದು, ಮೊದಲು ಮೈಪೈ ಅದನ್ನ ಒಪ್ಕೊಳ್ತಿತ್ತು, 2022ರ 0.990ರಿಂದ ಒಪ್ಪಲ್ಲ, ಆಪ್ಷನಲ್ ಅಂತ ಬಾಯಿಬಿಟ್ಟು ಬರೀಬೇಕು. ಎನ್ವಿರಾನ್‌ಮೆಂಟಿಂದ ಆಪ್‌ಡೇಟಾ ಫೋಲ್ಡರ್ ತಗೊಂಡು ನೇರ ಪಾತ್ ಜಾಯಿನ್ ಮಾಡಿರೋದು, ಗೆಟ್ ಅನ್ನೋದು ಸ್ಟ್ರಿಂಗ್ ಕೊಡಬಹುದು ಅಥವಾ ನನ್ ಕೊಡಬಹುದು, ಲಿನಕ್ಸಲ್ಲಿ ಆ ಹೆಸರೇ ಇರಲ್ಲ, ಈ ಎರರ್ ನಿಜವಾದ ಎರರ್ರು, ಬಾಯಿ ಮುಚ್ಚಿಸಬೇಡಿ. ಅಡಿಕೆ ದರ ಕ್ವಿಂಟಾಲ್ ಲೆಕ್ಕ, ಹಾಗಾಗಿ ದರ ಗುಣಿಸು ಕೆಜಿ ಭಾಗಿಸು 100 ಅನ್ನೋದು ನಮ್ಮ ಕೋಡಲ್ಲಿ ಹನ್ನೊಂದು ಕಡೆ ಇತ್ತು, 2.7ರಲ್ಲಿ ಎರಡೂ ಕಡೆ ಇಂಟ್ ಇದ್ರೆ ಪೈಸೆ ಉದುರಿ ಹೋಗ್ತಿತ್ತು, 3ರಲ್ಲಿ ಫ್ಲೋಟ್ ಬರುತ್ತೆ, ಇಂಟ್ ಅಂತ ಹಿಂಟ್ ಹಾಕಿದ ಕಡೆಯೆಲ್ಲ ಮೈಪೈ ತಕರಾರು ತೆಗೀತು. ದುಡ್ಡಿನ ಫೈಲಿಂದಲೇ ಹಿಂಟ್ ಹಾಕೋಕೆ ಶುರು ಮಾಡಿ ಅಂತ ನಾನು ಹೇಳೋದು ಇದಕ್ಕೇ.

ಆಮೇಲೆ ನಮ್ಮ ವಿಷಯ, ಎರಡು ಓಎಸ್ಸಿನ ಜಗಳ. ಒಂದೇ ದಿನದ ವಹಿಗೆ ಇಬ್ಬರು ಒಟ್ಟಿಗೆ ಬರೀಬಾರದು ಅಂತ ಫೈಲ್ ಲಾಕ್ ಮಾಡ್ತೀವಿ, ವಿಂಡೋಸಲ್ಲಿ ಎಮ್‌ಎಸ್‌ವಿಸಿಆರ್‌ಟಿ ಮಾಡ್ಯೂಲಿನ ಲಾಕಿಂಗ್, ಲಿನಕ್ಸಲ್ಲಿ ಎಫ್‌ಸಿಎನ್‌ಟಿಎಲ್ ಮಾಡ್ಯೂಲಿನ ಎಫ್‌ಲಾಕ್. ನನ್ನ ಹಳೇ ಕೋಡಲ್ಲಿ ಓಎಸ್ ಡಾಟ್ ನೇಮ್ ಎನ್‌ಟಿ ಆಗಿದ್ರೆ ಇದು ಇಲ್ಲಾಂದ್ರೆ ಅದು ಅಂತ ಇತ್ತು. ಲ್ಯಾಪ್‌ಟಾಪಲ್ಲಿ ಓಡಿಸಿದ್ರೆ ಮೈಪೈ "ಮಾಡ್ಯೂಲಿನಲ್ಲಿ ಲಾಕಿಂಗ್ ಅನ್ನೋ ಆಟ್ರಿಬ್ಯೂಟ್ ಇಲ್ಲ" ಅನ್ನುತ್ತೆ. ಕಾರಣ ಏನಂದ್ರೆ ಮೈಪೈ ನೋಡೋ ಸ್ಟಬ್ ಫೈಲಲ್ಲಿ (ಮಾಡ್ಯೂಲಿನ ಟೈಪುಗಳನ್ನ ಮಾತ್ರ ಬರೆದಿಟ್ಟ ಫೈಲು) ಆ ಮಾಡ್ಯೂಲಿನ ಒಳಗಿನದೆಲ್ಲ ವಿಂಡೋಸ್ ಇದ್ರೆ ಮಾತ್ರ ಅಂತ ಬರ್ದಿದೆ, ಓಎಸ್ ಡಾಟ್ ನೇಮ್ ಅನ್ನೋ ಪ್ರಶ್ನೆ ಮೈಪೈಗೆ ಅರ್ಥ ಆಗಲ್ಲ, ಅದಕ್ಕೆ ಎರಡೂ ಕವಲಿನ ಕೋಡನ್ನೂ ಲಿನಕ್ಸ್ ಅಂದ್ಕೊಂಡೇ ಓದುತ್ತೆ. ಅದಕ್ಕೆ ಅರ್ಥ ಆಗೋದು ಸಿಸ್ ಡಾಟ್ ಪ್ಲಾಟ್‌ಫಾರ್ಮ್ ಒಂದೇ, ಅದೂ ವಿನ್32ಕ್ಕೆ ಸಮ ಅಥವಾ ಲಿನಕ್ಸಿಂದ ಶುರು ಆಗುತ್ತೆ ಅನ್ನೋ ಥರ ನೇರ ರೂಪದಲ್ಲಿ. 64 ಬಿಟ್ ವಿಂಡೋಸಲ್ಲೂ ಹೆಸರು ವಿನ್32 ಅಂತಲೇ ಇರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಲಿನಕ್ಸಿಗೆ ಹಳೇ ಪೈಥಾನಲ್ಲಿ ಲಿನಕ್ಸ್2 ಅಂತ ಬರ್ತಿತ್ತು, 3.3ರಿಂದ ಬರೀ ಲಿನಕ್ಸ್, ಹಾಗಾಗಿ ಸ್ಟಾರ್ಟ್ಸ್‌ವಿತ್ ಒಳ್ಳೇದು. ಸಿಸ್‌ನಿಂದ ಪ್ಲಾಟ್‌ಫಾರ್ಮನ್ನ ಮಾತ್ರ ಇಂಪೋರ್ಟ್ ಮಾಡ್ಕೊಂಡ್ರೆ, ಪ್ಲಾಟ್‌ಫಾರ್ಮ್ ಡಾಟ್ ಸಿಸ್ಟಮ್ ಕರೆದ್ರೆ, ಇಲ್ಲಾ ಮೇಲೆ ಒಂದ್ಸಲ ಈಸ್ ವಿಂಡೋಸ್ ಅಂತ ವೇರಿಯಬಲ್ ಮಾಡ್ಕೊಂಡು ಎಲ್ಲ ಕಡೆ ಅದನ್ನೇ ಬಳಸಿದ್ರೆ ಮೈಪೈಗೆ ತಿಳಿಯಲ್ಲ. ವೇರಿಯಬಲ್ ಬೇಕೇ ಬೇಕು ಅಂದ್ರೆ ಆಲ್ವೇಸ್ ಟ್ರೂ, ಆಲ್ವೇಸ್ ಫಾಲ್ಸ್ ಅಂತ ಸೆಟಿಂಗ್ ಇದೆ, ಅದರಲ್ಲಿ ಹೆಸರು ಕೊಡಬಹುದು.

ಎಡಿಟರಲ್ಲಿ ಕಾಣೋ ಕೆಂಪು ಗೀಟಿಗೂ ಮೈಪೈ ಹೇಳೋದಕ್ಕೂ ತಾಳೆ ಆಗದಿದ್ರೆ, ವಿಎಸ್ ಕೋಡಿನ ಪೈಲ್ಯಾನ್ಸ್ ಒಳಗೆ ಇರೋದು ಪೈರೈಟ್, ಬೇರೆಯೇ ಚೆಕರು. ಇಬ್ಬರು ಜೋಯಿಸರ ಹತ್ರ ಒಂದೇ ಜಾತಕ ತೋರಿಸಿದ ಹಾಗೆ ಆಗುತ್ತೆ, ಒಬ್ಬರನ್ನ ಹಿಡ್ಕೊಳ್ಳಿ.

ಹಾಗಾಗಿ ನಾನು ಎಲ್ಲ ಕಡೆ ಓಎಸ್ ಡಾಟ್ ನೇಮ್ ತೆಗೆದು ಸಿಸ್ ಡಾಟ್ ಪ್ಲಾಟ್‌ಫಾರ್ಮ್ ಹಾಕಿದೆ, ಎರರೆಲ್ಲ ಮಾಯ. ಖುಷಿ ಆಯ್ತು. ಕುಮಟಾದ ಕಾಟಾದ ದೋಷವನ್ನ ನಾನು ಕೈಯಾರೆ ಮುಚ್ಚಿಟ್ಟಿದ್ದು ಆ ಹೊತ್ತಲ್ಲೇ, ಆದ್ರೆ ಅದು ಗೊತ್ತಾಗಿದ್ದು ಆಮೇಲೆ.

ಮೈಪೈ ಸುಮ್ಮನಿದ್ರೆ

ಕುಮಟಾಕ್ಕೆ ಹೋಗಿ ನೋಡಿದ್ರೆ, ಕಾಟಾದ ಮೇಲೆ ಚಾಲಿ ಅಡಿಕೆ ಚೀಲ, ಕಾಟಾದ ಸ್ವಂತ ಡಿಸ್‌ಪ್ಲೇಲಿ 65.40 ಅಂತ ಕಲ್ಲಿನ ಹಾಗೆ ನಿಂತಿದೆ, ಕಂಪ್ಯೂಟರಲ್ಲಿ "ತೂಕ ಇನ್ನೂ ನಿಂತಿಲ್ಲ, ಕಾಯಿರಿ" ಅಂತ ಬರ್ತಾನೇ ಇದೆ. ಹಮಾಲರು ಬೀಡಿ ಹಚ್ಚಿ ಕೂತಿದ್ರು. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡೋದೇ, ಫ್ಯಾನ್ ಆಫ್ ಮಾಡ್ಸಿದೆ, ಕಾಟಾದ ಲೆವೆಲ್ ಗುಳ್ಳೆ ನೋಡಿದೆ, ಸೀರಿಯಲ್ ಕನೆಕ್ಟರ್ ಬಿಚ್ಚಿದೆ. ಪಿನ್ನುಗಳು ಹಸಿರುಗಟ್ಟಿದ್ದವು, ಕಡಲ ಗಾಳಿ, ಕುಮಟಾದಲ್ಲಿ ಬಾಗಿಲ ಚಿಲಕವೇ ಎರಡು ಮಳೆಗಾಲ ತಡೆಯಲ್ಲ, ಸರಿ ಇದೇ ಕಾರಣ ಅಂತ ಹೊಸ ಕೇಬಲ್ ಹಾಕಿ ಘಟ್ಟ ಹತ್ತಿದೆ. ಶಿರಸಿ ಮುಟ್ಟೋಕೆ ಮುಂಚೆ ಮಾವನ ಫೋನ್ ಬಂತು.

ಇಲ್ಲಿ ಮೊದಲೇ ಮಾಡಬೇಕಾಗಿದ್ದು ಒಂದೇ ಕೆಲಸ, ಸಾಮಾನು ಸರಿ ಇದೆಯಾ ಕೋಡು ಸರಿ ಇದೆಯಾ ಅಂತ ಬೇರೆ ಮಾಡೋದು. ಪೋರ್ಟ್ ಓಪನ್ ಮಾಡಿ ಒಂದು ರೀಡ್‌ಲೈನ್ ಮಾಡಿ ಬಂದಿದ್ದನ್ನ ಹಾಗೇ ಪ್ರಿಂಟ್ ಮಾಡಿ, ಐದು ಸಾಲಿನ ಕೋಡು. ಎರಡನೇ ಸಲ ಹೋದಾಗ ಅದನ್ನೇ ಮಾಡ್ದೆ. ನಮ್ಮ ಕಾಟಾ ತೂಕ ನಿಂತಿದ್ರೆ ಎಸ್ ಟಿ ಅಂತ ಶುರು ಮಾಡಿ, ಕಾಮಾ, ಆಮೇಲೆ ತೂಕ ಕಳಿಸುತ್ತೆ, ಅಲ್ಲಾಡ್ತಾ ಇದ್ರೆ ಯು ಎಸ್ ಅಂತ ಶುರು. ಪರದೆ ಮೇಲೆ ಎಸ್ ಟಿ ಸಾಲು ಚೆಂದಕ್ಕೆ ಬರ್ತಾ ಇತ್ತು, ಕೇಬಲಿನ ತಪ್ಪಲ್ಲ. ಸಾಲಿನ ಶುರುವಲ್ಲಿ ಮಾತ್ರ ಒಂದು ಸಣ್ಣ ಬಿ ಅಕ್ಷರ, ಅಂದ್ರೆ ಬೈಟ್ಸ್ (ಬರೀ ನಂಬರುಗಳ ಸಾಲು), ಅಕ್ಷರಗಳ ಸ್ಟ್ರಿಂಗಲ್ಲ. ಸಾಲಿನ ಮೊದಲ ಅಕ್ಷರ ಒಂದನ್ನೇ ಪ್ರಿಂಟ್ ಮಾಡ್ದೆ, ಎಸ್ ಬರಬೇಕಿತ್ತು, 83 ಅಂತ ಬಂತು.

ಅಷ್ಟೇ ದೋಷ. 2.7ರಲ್ಲಿ ಪೋರ್ಟಿಂದ ಬಂದ ಸಾಲಿನ ಸೊನ್ನೆನೇ ಜಾಗ ತೆಗೆದ್ರೆ ಅಕ್ಷರ ಸಿಗ್ತಿತ್ತು, 3ರಲ್ಲಿ ಬೈಟ್ಸಿನ ಸೊನ್ನೆನೇ ಜಾಗ ಅಂದ್ರೆ ಇಂಟ್, ಎಸ್ ಅಕ್ಷರದ ಆಸ್ಕಿ ನಂಬರ್ 83. ನನ್ನ ಕೋಡು 83 ಎಸ್‌ಗೆ ಸಮ ಇದೆಯಾ ಅಂತ ಕೇಳ್ತಿತ್ತು, ಪೈಥಾನ್ ಇಲ್ಲ ಅಂತಿತ್ತು, ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಪ್ರತಿ ಸಲವೂ "ತೂಕ ನಿಂತಿಲ್ಲ". ಇಂಥ ಬೈಟ್ಸ್ ಸ್ಟ್ರಿಂಗ್ ಗಲಿಬಿಲಿ ಹಿಡಿಯೋಕೆ ಪೈಥಾನಿಗೆ ಡ್ಯಾಶ್ ಬಿ ಅಂತ ಒಂದು ಸ್ವಿಚ್ ಇದೆ, ಅದೂ ಇದನ್ನ ಹಿಡಿಯಲ್ಲ, ಅದು ಬೈಟ್ಸನ್ನ ಸ್ಟ್ರಿಂಗಿಗೋ ಇಂಟಿಗೋ ಹೋಲಿಸಿದ್ರೆ ಕೂಗೋದು, ಇಲ್ಲಿ ಆಗಲೇ ಬೈಟ್ಸಿಂದ ಇಂಟ್ ಹೊರಗೆ ಬಂದು ಸ್ಟ್ರಿಂಗಿನ ಎದುರು ನಿಂತಿದೆ. ಸಾಲಿಗೆ ಸ್ಟಾರ್ಟ್ಸ್‌ವಿತ್ ಅಂತ ಬರೆದಿದ್ರೆ ಟೈಪ್‌ಎರರ್ ಬಂದು ಬಿದ್ದು ಮೊದಲ ನಿಮಿಷದಲ್ಲೇ ಸಿಕ್ಕಿಬೀಳ್ತಿತ್ತು. ಶಿರಸಿಯಲ್ಲಿ ಯಾಕೆ ಸರಿ ಇತ್ತು ಅಂದ್ರೆ ಅಲ್ಲಿನ ಲಿನಕ್ಸ್ ಕವಲಿಗೆ ಆಗಲೇ ಡೀಕೋಡ್ (ಬೈಟ್ಸನ್ನ ಸ್ಟ್ರಿಂಗ್ ಮಾಡೋದು) ಹಾಕಿದ್ದೆ, ವಿಂಡೋಸ್ ಕವಲು ಆಗ 2.7ರಲ್ಲೇ ಇತ್ತಲ್ಲ, ಮುಟ್ಟಿರಲಿಲ್ಲ.

ದೋಷ ಸಿಕ್ತು, ಆದ್ರೆ ತಲೆ ತಿಂದ ಪ್ರಶ್ನೆ ಬೇರೆ. ಇಂಥದ್ದನ್ನ ಹಿಡೀಲಿ ಅಂತಲೇ ಅಲ್ವಾ ಹಿಂಟ್ ಹಾಕಿದ್ದು? ಮೈಪೈ ಎಂತಕ್ಕೆ ಸುಮ್ಮನಿತ್ತು? ರಾತ್ರಿ ಕುಮಟಾದಲ್ಲೇ ಉಳಿದೆ, ಮಳೆಗೆ ಕರೆಂಟ್ ಬೇರೆ ಇಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಕೂತು ಒಂದೊಂದೇ ನೋಡ್ತಾ ಹೋದೆ, ಮೈಪೈ ಕಣ್ಣಿಗೆ ಒಂದಲ್ಲ ಮೂರು ಪರದೆ ಅಡ್ಡ ಇತ್ತು, ಒಂದು ಸರಿಸಿದ್ರೆ ಹಿಂದೆ ಇನ್ನೊಂದು.

ಹುಡುಕೋಕೆ ಬಳಸಿದ ಆಯುಧ ರಿವೀಲ್ ಟೈಪ್, ನಡುವೆ ಅಂಡರ್‌ಸ್ಕೋರ್. ಅನುಮಾನ ಇರೋ ಸಾಲಿನ ಕೆಳಗೆ ಇದನ್ನ ಕರೆದು ಮೈಪೈ ಓಡಿಸಿದ್ರೆ ಆ ವೇರಿಯಬಲ್ ಏನು ಅಂತ ತಾನು ಅಂದ್ಕೊಂಡಿದೀನಿ ಅಂತ ಅದು ಹೇಳುತ್ತೆ. ನೋಡಿ ಆದ ಮೇಲೆ ಅಳಿಸಿ, ಮರೆತು ಬಿಟ್ರೆ ಓಡುವಾಗ ನೇಮ್‌ಎರರ್ ಬರುತ್ತೆ. ನಾನು ವಿಂಡೋಸ್ ಕವಲಲ್ಲಿ ರೀಡ್‌ಲೈನ್ ಆದ ಮೇಲೆ ಸಾಲಿನ ಮೇಲೆ ಇದನ್ನ ಹಾಕಿದೆ.

ಮೊದಲ ಸಲ ಏನೂ ಬರಲೇ ಇಲ್ಲ. ಎರರೂ ಇಲ್ಲ, ಉತ್ತರವೂ ಇಲ್ಲ. ಫೈಲ್ ಸೇವ್ ಆಗಿಲ್ವೇನೋ ಅಂತ ಮತ್ತೆ ಸೇವ್ ಮಾಡ್ದೆ, ಮತ್ತೆ ಓಡಿಸ್ದೆ, ಊಹೂಂ. ಈ ಮೌನವೇ ಉತ್ತರ. ಮೈಪೈ ಆ ಕವಲಿಗೆ ಹೋಗಿಯೇ ಇಲ್ಲ. ಸಿಸ್ ಡಾಟ್ ಪ್ಲಾಟ್‌ಫಾರ್ಮ್ ವಿನ್32 ಅಂತ ಸರಿಯಾಗಿ ಬರೆದ ಮೇಲೆ, ಲಿನಕ್ಸಲ್ಲಿ ಕೂತ ಮೈಪೈ "ಇದು ಇಲ್ಲಿ ಓಡೋದೇ ಇಲ್ಲ" ಅಂತ ಆ ಬ್ಲಾಕನ್ನ ಪೂರ್ತಿ ಬಿಟ್ಟುಬಿಡುತ್ತೆ. ಲಾಕಿಂಗ್ ಎರರ್ ಮಾಯ ಆಗಿದ್ದೂ ಹೀಗೇ, ಸರಿ ಆಗಿ ಅಲ್ಲ, ನೋಡೋದನ್ನ ಬಿಟ್ಟಿದ್ದಕ್ಕೆ. ವಾರ್ನ್ ಅನ್‌ರೀಚಬಲ್ ಹಾಕಿದ್ರೆ ಹೇಳುತ್ತೇನೋ ಅಂದ್ಕೊಂಡ್ರೆ ಅದೂ ಇಲ್ಲ, ಪ್ಲಾಟ್‌ಫಾರ್ಮ್ ಮತ್ತು ವರ್ಷನ್ ನೋಡಿ ಬಿಟ್ಟ ಕೋಡಿಗೆ ಆ ವಾರ್ನಿಂಗ್ ಬೇಕಂತಲೇ ಬರಲ್ಲ. ಅರ್ಧ ಮನೆ ಗುಡಿಸಿ ಮನೆ ಸ್ವಚ್ಛ ಅಂದ ಹಾಗೆ. ಮದ್ದು ಇಷ್ಟೇ, ಡ್ಯಾಶ್ ಡ್ಯಾಶ್ ಪ್ಲಾಟ್‌ಫಾರ್ಮ್ ವಿನ್32 ಅಂತ ಕೊಟ್ಟು ಇನ್ನೊಂದು ಸಲ ಓಡಿಸೋದು. ವಿಂಡೋಸ್ ಕಂಪ್ಯೂಟರ್ ಬೇಕಾಗಿಲ್ಲ, ಲಿನಕ್ಸ್ ಮೇಲೆ ಕೂತೇ ಅದು ವಿಂಡೋಸ್ ವೇಷ ಹಾಕುತ್ತೆ.

ವೇಷ ಹಾಕ್ಸಿ ಓಡಿಸಿದ್ರೆ ಎನಿ ಅಂತ ಬಂತು, ಅಂದ್ರೆ ಇದು ಏನು ಬೇಕಾದ್ರೂ ಇರಬಹುದು ಅಂತ. ಎನಿ ಬಂದ್ರೆ ಎರಡು ಕಾರಣ ಇರಬಹುದು. ಚೆಕ್ ಮಾಡದ ಫಂಕ್ಷನ್ನಲ್ಲಿ ಯಾವಾಗ್ಲೂ ಎನಿ ಅಂತಲೇ ಬರುತ್ತೆ ಅಂತ ಜೊತೆಗೊಂದು ಟಿಪ್ಪಣಿ ಇದ್ರೆ ಆ ಫಂಕ್ಷನ್ನಿಗೆ ನೀವು ಹಿಂಟೇ ಹಾಕಿಲ್ಲ ಅಂತ ಅರ್ಥ. ಟಿಪ್ಪಣಿ ಇಲ್ಲದ ಬರೀ ಎನಿ ಆದ್ರೆ ಅದು ಹೊರಗಿನ ಲೈಬ್ರರಿಯಿಂದ ಹರಿದು ಬರ್ತಾ ಇದೆ. ನನ್ನದು ಎರಡನೇದು. ಸೀರಿಯಲ್ ಪೋರ್ಟ್ ಓದೋ ಲೈಬ್ರರಿ ಪೈಸೀರಿಯಲ್‌ಗೆ ಸ್ಟಬ್ ಇಲ್ಲ ಅಂತ ಮೈಪೈ ಮೊದಲೇ ಗೋಳಾಡಿತ್ತು, ನಾನು ಸೆಟಿಂಗ್ ಫೈಲಲ್ಲಿ ಆ ಮಾಡ್ಯೂಲಿಗೆ ಇಗ್ನೋರ್ ಮಿಸ್ಸಿಂಗ್ ಇಂಪೋರ್ಟ್ಸ್ ಹಾಕಿ ಬಾಯಿ ಮುಚ್ಚಿಸಿದ್ದೆ. ಹಾಗೆ ಮಾಡಿದ್ರೆ ಆ ಮಾಡ್ಯೂಲಿಂದ ಬಂದಿದ್ದೆಲ್ಲ ಎನಿ, ಎನಿಗೆ ಏನು ಮಾಡಿದ್ರೂ ಒಪ್ಪಿಗೆ, ಅದರ ಸೊನ್ನೆನೇ ಜಾಗವೂ ಎನಿ, ಮುಟ್ಟಿದ್ದೆಲ್ಲ ಎನಿ. ಟೈಪ್ಸ್ ಡ್ಯಾಶ್ ಪೈಸೀರಿಯಲ್ ಅಂತ ಸ್ಟಬ್ ಪ್ಯಾಕೇಜ್ ಪಿಪ್‌ನಲ್ಲಿ ಇದೆ, ಹಾಕಿದೆ. ಪ್ರಿಂಟರಿಗೆ ಬಳಸೋ ಪೈವಿನ್32 ಲಿನಕ್ಸಲ್ಲಿ ಇನ್‌ಸ್ಟಾಲ್ ಆಗಲ್ಲ, ಆದ್ರೆ ಟೈಪ್ಸ್ ಡ್ಯಾಶ್ ಪೈವಿನ್32 ಬರೀ ಸ್ಟಬ್ಬು, ಲಿನಕ್ಸಲ್ಲೂ ಕೂರುತ್ತೆ, ಇದು ಗೊತ್ತಿಲ್ಲದೇ ಜನ ಇಗ್ನೋರ್ ಹಾಕಿ ಕೂತಿರ್ತಾರೆ.

ಮತ್ತೆ ಓಡಿಸಿದೆ. ಬೈಟ್ಸ್ ಅಂತ ಬಂತು. ಸಾಲಿನ ಸೊನ್ನೆನೇ ಜಾಗದ ಮೇಲೆ ಹಾಕಿದೆ, ಇಂಟ್ ಅಂತು. ಈಗ ಎಲ್ಲ ಗೊತ್ತಿದೆ ಅದಕ್ಕೆ, ಆದ್ರೂ ಇಂಟನ್ನ ಎಸ್‌ಗೆ ಹೋಲಿಸಿದ ಸಾಲಿಗೆ ಎರರ್ ಇಲ್ಲ! ಯಾಕಂದ್ರೆ ಪೈಥಾನಲ್ಲಿ ಯಾವುದನ್ನ ಯಾವುದಕ್ಕೆ ಬೇಕಾದ್ರೂ ಹೋಲಿಸಬಹುದು, ತಪ್ಪಲ್ಲ, ದಡ್ಡತನ ಅಷ್ಟೇ, ಮೈಪೈ ಅದನ್ನ ಸುಮ್ಮನೆ ಬಿಡುತ್ತೆ. ಸ್ಟ್ರಿಕ್ಟ್ ಈಕ್ವಾಲಿಟಿ ಅನ್ನೋ ಸೆಟಿಂಗ್ ಹಾಕಿದ್ರೆ ಮಾತ್ರ ಹಿಡಿಯುತ್ತೆ. ಹಾಕಿದ ಕೂಡಲೇ ಬಂತು, "ನಾನ್ ಓವರ್‌ಲ್ಯಾಪಿಂಗ್ ಈಕ್ವಾಲಿಟಿ ಚೆಕ್", ಎಡಗಡೆ ಇಂಟ್, ಬಲಗಡೆ ಎಸ್. ರಾತ್ರಿ ಹನ್ನೊಂದೂವರೆಗೆ. ಅದೇ ಸೆಟಿಂಗಲ್ಲಿ ಪ್ರಿಂಟರ್ ಫೈಲಲ್ಲಿ ಇದೇ ಥರದ್ದು ಇನ್ನೊಂದು ಸಿಕ್ತು, ಪೇಪರ್ ಮುಗೀತಾ ಅಂತ ಕೇಳೋ ಕಡೆ, ಮಾವ ಪೇಪರ್ ಮುಗಿಯೋಕೆ ಬಿಡೋ ಜನ ಅಲ್ಲ, ಅದಕ್ಕೆ ಕಂಡಿರಲಿಲ್ಲ.

ಹಾಗಾಗಿ ಮೈಪೈ ಮೌನ ಅನುಮಾನ ಬಂದ್ರೆ ಇದೇ ಕ್ರಮದಲ್ಲಿ ಹೋಗಿ. ರಿವೀಲ್ ಟೈಪಿಗೆ ಉತ್ತರವೇ ಬರದಿದ್ರೆ ಪ್ಲಾಟ್‌ಫಾರ್ಮ್ ಬದಲಿಸಿ ಓಡಿಸಿ, ಟಿಪ್ಪಣಿ ಜೊತೆ ಎನಿ ಬಂದ್ರೆ ಫಂಕ್ಷನ್ನಿಗೆ ಹಿಂಟ್ ಹಾಕಿ, ಬರೀ ಎನಿ ಬಂದ್ರೆ ಸ್ಟಬ್ ಹುಡುಕಿ, ಸರಿಯಾದ ಟೈಪೇ ಬಂದೂ ಎರರ್ ಇಲ್ಲ ಅಂದ್ರೆ ಸೆಟಿಂಗ್ ಬಿಗಿ ಮಾಡಿ. ಕ್ರಮ ಹಿಂದೆ ಮುಂದೆ ಆದ್ರೆ ಗೊತ್ತಾಗಲ್ಲ, ಮೊದಲನೇ ಪರದೆ ಇರೋವರೆಗೆ ಎರಡನೇದು ಕಾಣೋದೇ ಇಲ್ಲ, ನಾನು ಮೊದಲೇ ಸ್ಟ್ರಿಕ್ಟ್ ಈಕ್ವಾಲಿಟಿ ಹಾಕಿದ್ರೂ ಏನೂ ಸಿಗ್ತಿರಲಿಲ್ಲ.

ಹಿಂಟನ್ನ ತಾನಾಗೇ ಬರೆದು ಕೊಡೋ ಮಂಕಿಟೈಪ್ ಥರದ ಟೂಲ್ ಬಳಸೋರೂ ನೆನಪಿಡಿ, ಅದು ಪ್ರೋಗ್ರಾಮು ಓಡುವಾಗ ಏನೇನು ಬಂತು ಅಂತ ನೋಡಿ ಬರೆಯೋದು, ಶಿರಸಿಯಲ್ಲಿ ಓಡಿಸಿದ್ರೆ ಶಿರಸಿದು ಮಾತ್ರ ಗೊತ್ತಾಗುತ್ತೆ.

ಸರಿ ಮಾಡಿದ್ದು

ಎಸ್ ಬದಲು 83 ಅಂತ ಬರೆದ್ರೂ ಆ ಹೊತ್ತಿಗೆ ಕೆಲಸ ನಡೀತಿತ್ತು, ಬರೀಬೇಡಿ. ನಾನು ಎರಡು ಕವಲನ್ನೇ ತೆಗೆದೆ. ಪೋರ್ಟಿನ ಹೆಸರು ಮಾತ್ರ ಓಎಸ್‌ಗೆ ತಕ್ಕ ಹಾಗೆ ಬೇರೆ, ಕುಮಟಾದಲ್ಲಿ ಕಾಮ್3, ಶಿರಸಿಯಲ್ಲಿ ಡೆವ್ ಫೋಲ್ಡರಿನ ಟಿಟಿವೈಯುಎಸ್‌ಬಿ0, ಅದು ಸೆಟಿಂಗ್ ಫೈಲಿಗೆ ಹೋಯ್ತು. ಓದೋ ಫಂಕ್ಷನ್ ಒಂದೇ, ಬೈಟ್ಸ್ ಬಂದ ತಕ್ಷಣ ಅಲ್ಲೇ ಆಸ್ಕಿಯಾಗಿ ಡೀಕೋಡ್ ಮಾಡಿ ಸ್ಟ್ರಿಂಗ್ ಕೊಡುತ್ತೆ, ಹಿಂಟಲ್ಲೂ ಸ್ಟ್ರಿಂಗ್ ಅಂತಲೇ ಇದೆ, ಅದರಿಂದ ಆಚೆ ಬೈಟ್ಸ್ ದಾಟೋ ಹಾಗಿಲ್ಲ. ಪೋರ್ಟ್ ಓಪನ್ ಆದಾಗ ಮೊದಲ ಸಾಲು ಅರ್ಧಂಬರ್ಧ ಬರುತ್ತೆ, ಅದನ್ನ ಓದಿ ಬಿಸಾಕಿ, ಆಮೇಲೂ ಕಸ ಬೈಟ್ ಬಂದ್ರೆ ಡೀಕೋಡ್ ಎರರ್ ಬರೋದನ್ನ ಹಿಡಿದು ಮುಂದಿನ ಸಾಲಿಗೆ ಹೋಗಿ. ಓಎಸ್‌ಗೆ ಒಂದೊಂದು ಕವಲು ಕಮ್ಮಿ ಆದ ಹಾಗೂ ಮೈಪೈ ಬಿಟ್ಟು ಹೋಗೋ ಜಾಗವೂ ಕಮ್ಮಿ. ಫೈಲ್ ಲಾಕ್ ಥರ ಬೇರೆ ಮಾಡಲೇಬೇಕಾದಕ್ಕೆ ಎರಡು ಸಣ್ಣ ಫೈಲ್ ಮಾಡಿ, ಮೇಲೆ ಈ ಫೈಲು ಯಾವ ಓಎಸ್‌ದು ಅಂತ ಒಂದು ಅಸರ್ಟ್ ಹಾಕಿದೀನಿ, ಮೈಪೈ ಅದನ್ನೂ ಅರ್ಥ ಮಾಡ್ಕೊಳ್ಳುತ್ತೆ.

ಹಳೇ ಟೈಪ್ ಇಗ್ನೋರ್ ಕಾಮೆಂಟುಗಳು ಒಂದಷ್ಟು ಇದ್ದವು, ವಾರ್ನ್ ಅನ್‌ಯೂಸ್ಡ್ ಇಗ್ನೋರ್ಸ್ ಹಾಕಿದ್ರೆ ಕೆಲವು ವಿಂಡೋಸ್ ವೇಷದಲ್ಲಿ ಬೇಡ ಅನ್ನುತ್ತೆ, ಅದನ್ನೇ ತೆಗೆದ್ರೆ ಲಿನಕ್ಸಲ್ಲಿ ಬೇಕು ಅನ್ನುತ್ತೆ. ಹಾಗೆ ಕಿತ್ತಾಡ್ತಾ ಇದ್ರೆ ಅಲ್ಲಿ ಪ್ಲಾಟ್‌ಫಾರ್ಮ್ ಪ್ರಶ್ನೆ ಮೈಪೈಗೆ ತಿಳಿಯದ ರೂಪದಲ್ಲಿ ಇದೆ ಅಂತ ತಿಳ್ಕೊಳ್ಳಿ, ಅದನ್ನ ಸರಿ ಮಾಡಿ, ಇಗ್ನೋರ್ ಎರಡೂ ಕಡೆ ಬೇಡ ಆಗುತ್ತೆ. ಉಳಿಸಲೇಬೇಕಾದ ಇಗ್ನೋರಿಗೆ ಯಾವ ಎರರ್ ಕೋಡಿಗೆ ಅಂತ ಚೌಕ ಕಂಸದಲ್ಲಿ ಹಾಕಿ.

ಈಗ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಇದೆ, ಮೈಪೈಯನ್ನ ಎರಡು ಸಲ ಓಡಿಸುತ್ತೆ, ವಿನ್32 ಜೊತೆ 3.8, ಲಿನಕ್ಸ್ ಜೊತೆ ಶಿರಸಿಯ ವರ್ಷನ್, ಎರಡರಲ್ಲಿ ಒಂದು ಬಿದ್ರೂ ಕಮಿಟ್ ಆಗಲ್ಲ. ಆರು ಸಾವಿರ ಸಾಲಿನ ಕೋಡಿಗೆ ಅದು ತಗೊಳ್ಳೋ ಹೊತ್ತು ಒಂದು ಕವಳ ಹಾಕೋ ಹೊತ್ತಿಗಿಂತ ಕಮ್ಮಿ. ಆದ್ರೂ ಹೊಸ ವರ್ಷನ್ ಕಳಿಸಿದ ದಿನ ಮಾವನ ಹತ್ರ ಫೋನಲ್ಲೇ ಒಂದು ಚೀಲ ಕಾಟಾಕ್ಕೆ ಹಾಕ್ಸಿ, ಚೀಟಿಲಿ ಎಷ್ಟು ಬಂತು ಕಾಟಾದಲ್ಲಿ ಎಷ್ಟಿದೆ ಅಂತ ಎರಡೂ ಓದಿಸ್ತೀನಿ, ವೇಷ ಹಾಕಿದ ಮೈಪೈ ಕಾಟಾ ನೋಡಿಲ್ಲವಲ್ಲ.

ಬದಲಾಯಿಸಿದ ಹಳೇ ಕೇಬಲನ್ನ ಶಿರಸಿಗೆ ತಂದು ಪಿನ್ ಒರೆಸಿ ಹಾಕಿ ನೋಡಿದೆ, ಸರಿಯಾಗೇ ಇದೆ. ಈಗ ಅದು ಸ್ಪೇರು.